ಒಗ್ಗರಣೆ ಸೌಟಿನ ಮದ್ದು

ಆಗೆಲ್ಲ ನಾವು ಹಬ್ಬಕ್ಕಿಂತ ಹೆಚ್ಚಾಗಿ ಹಳ್ಳ ಇಳಿಯುವುದನ್ನು ಕಾಯುತ್ತಿದ್ದೆವು. ಅಜ್ಜಂಪುರದ ಕಡೆಯ ಗುಡ್ಡಗಳಿಂದ ಇಳಿದು ಬರುವ ಹಳ್ಳ ಅದು. ಉತ್ತರೆ ಮಳೆ ಮುಗಿದು ನೀರು ಮೊಣಕಾಲಿಗೆ ಬಂದಾಗ ಅವ್ವ ಅಟ್ಟದಿಂದ ಮರಿಗೆ ಇಳಿಸುತ್ತಿದ್ದಳು. ಅಗಲವಾದ, ಆಳವಿಲ್ಲದ ಮರದ ಬೋಗುಣಿ ಅದು. ಅದಕ್ಕೆ ಮರಳು ತುಂಬಿ, ಅಕ್ಕಿ ಜಾಲಿಸಿದ ಹಾಗೆ ನೀರಿನಲ್ಲಿ ಜಾಲಿಸಿದರೆ ಹಗುರಾದದ್ದೆಲ್ಲ ಹರಿದುಹೋಗಿ, ಕೊನೆಗೆ ಕರಿ ಮರಳಿನ ಅಂಚಿನಲ್ಲಿ ತೌಡಿನಷ್ಟು ಚಿನ್ನ ಉಳಿಯುತ್ತಿತ್ತು. ನಾನು, ನನ್ನಕ್ಕ ಗಂಗಕ್ಕ ಬಂಡೆಯ ಮೇಲೆ ಕೂತು ರಾಗಿ ರೊಟ್ಟಿಗೆ ಹಸಿ ಈರುಳ್ಳಿ ಕಚ್ಚಿಕೊಳ್ಳುತ್ತಿದ್ದೆವು. ಕೊಳೆತ ಹೊಂಗೆ ಎಲೆಯ ವಾಸನೆಗೆ ಈರುಳ್ಳಿಯ ಘಾಟು ಸೇರಿದರೆ ಅದೇ ನಮಗೆ ಹಳ್ಳದ ವಾಸನೆ.

ಸಂಜೆಯ ಕೊನೆಯ ಮರಿಗೆಯನ್ನು ಅವ್ವ ಜಾಲಿಸುತ್ತಿರಲಿಲ್ಲ. ತೋಡಿದ ಗುಂಡಿಗೇ ಸುರಿದು ಕಾಲಿನಿಂದ ಮುಚ್ಚುತ್ತಿದ್ದಳು.

"ಅದ್ರಲ್ಲೇ ಜಾಸ್ತಿ ಚಿನ್ನ ಇದ್ರೆ?" ಎಂದು ಗಂಗಕ್ಕ ಕೆಣಕುತ್ತಿದ್ದಳು.

"ಇರ್ಲಿ ಬಿಡೇ. ಹಳ್ಳನೂ ಉಣ್ಬೇಕಲ್ಲ."

ಒಂದು ವರ್ಷ, ನಮ್ಮಿಂದ ಚಿನ್ನ ಕೊಳ್ಳಲು ತರೀಕೆರೆ ಕಡೆಯಿಂದ ಬರುತ್ತಿದ್ದವನು ಚೀಲದಿಂದ ಒಂದು ಸಣ್ಣ ಸೀಸೆ ತೆಗೆದ. "ಕಣ್ಣಿಗೆ ಕಾಣ್ದಿರೋ ಚಿನ್ನ ಎಲ್ಲಾ ಹರ್ಕೊಂಡ್ ಹೋಗ್ತೈತೆ ಕಣಮ್ಮಾ. ಕರಿ ಮರಳಿಗೆ ಈ ಮದ್ದು ಹಾಕು, ಎಲ್ಲಾ ಹಿಡ್ಕೊಂಡ್ ಬತ್ತೈತೆ" ಎಂದ. ಅದು ಪಾದರಸ. ಅವನು ಮದ್ದು ಎಂದ, ನಮ್ಮ ಮನೆಯಲ್ಲೂ ಅದು ಮದ್ದೇ ಆಯಿತು. ಉಪ್ಪಿನ ಭರಣಿಯ ಪಕ್ಕದಲ್ಲಿ, ಒಲೆಯ ಹತ್ತಿರದ ಗೂಡಿನಲ್ಲಿ ಅದಕ್ಕೆ ಜಾಗ ಸಿಕ್ಕಿತು.

ನಮಗೆ ಅದು ಆಟದ ಸಾಮಾನೂ ಆಯಿತು. ಊಟದ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಿನಿಂದ ಓಡಿಸುತ್ತಿದ್ದೆವು. "ಲೇ, ಒಡ್ದು ಮರಿ ಹಾಕ್ತು ಕಣೇ! ಹಿಡಿಯೇ!" ಎಂದು ಗಂಗಕ್ಕ ಕಿರುಚುತ್ತಿದ್ದಳು. ಅದೇ ತಟ್ಟೆಯಲ್ಲಿ ಆಮೇಲೆ ಮುದ್ದೆ.

ಅಡಿಗೆ ಗಂಗಕ್ಕನದಾದ್ದರಿಂದ ಸುಡುವ ಕೆಲಸವೂ ಅವಳ ಪಾಲಿಗೆ ಬಂತು. ಚಿನ್ನ ಹಿಡಿದ ಮದ್ದನ್ನು ಹಳೆ ಸೀರೆಯ ತುಂಡಿನಲ್ಲಿ ಹಿಂಡಿ, ಉಳಿದ ಉಂಡೆಯನ್ನು ಒಗ್ಗರಣೆ ಸೌಟಿಗೆ ಹಾಕಿ ಒಲೆಗೆ ಹಿಡಿಯುತ್ತಿದ್ದಳು. ಮದ್ದು ಹೊಗೆಯಾಗಿ ಹೋಗುತ್ತಿತ್ತು, ಚಿನ್ನ ತಳದಲ್ಲಿ ಕೂರುತ್ತಿತ್ತು. ಬೇಗ ಆಗಲೆಂದು ಅವಳು ಮುಖ ಬಗ್ಗಿಸಿ ಕೆಂಡ ಊದುತ್ತಿದ್ದಳು. ಆಮೇಲೆ ಸೌಟನ್ನು ಬೂದಿಯಲ್ಲಿ ಉಜ್ಜಿ ಅದರಲ್ಲೇ ಹುರುಳಿ ಬಸ್ಸಾರಿಗೆ ಒಗ್ಗರಣೆ. ನಾನು ಮೂಗು ಮುರಿದರೆ "ತೊಳ್ದಿದೀನಲ್ಲೇ, ತಿನ್ನು" ಎನ್ನುತ್ತಿದ್ದಳು. ಇವತ್ತಿಗೂ ಸಾಸಿವೆ ಸಿಡಿಯುವ ಸದ್ದಾದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಮದ್ದು ಬಂದ ಮೇಲೆ ಅವ್ವ ಕೊನೆಯ ಮರಿಗೆಯನ್ನೂ ಜಾಲಿಸತೊಡಗಿದಳು. ಊರಿನ ಬೇರೆಯವರೂ ಸೀಸೆ ತರಿಸಿದರು. ಗುಂಡಿ ಮುಚ್ಚುವವರು ಯಾರೂ ಉಳಿಯಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಗಂಗಕ್ಕನ ವಸಡು ಊದಿ ರಕ್ತ ಒಸರುತ್ತಿತ್ತು. ಜೊಲ್ಲಿನಿಂದ ದಿಂಬು ನೆನೆದು ನಾರುತ್ತಿತ್ತು. ಪಕ್ಕದಲ್ಲಿ ಮಲಗುತ್ತಿದ್ದ ನನಗೆ ಆ ನಾತ ಈಗಲೂ ನೆನಪಿದೆ. ಅವಳು ಎಳೆದ ರಂಗೋಲಿ ಗೆರೆ ನಡುಗಿ ಸೊಟ್ಟಗಾಯಿತು. "ಏನೇ ಗಂಗೀ, ನಿನ್ ರಂಗೋಲಿ ಕುಡ್ಕೊಂಡ್ ಬಂದೈತಾ?" ಎಂದು ಪಕ್ಕದ ಮನೆಯ ಸಾಕಜ್ಜಿ ನಕ್ಕಳು. ಗಂಗಕ್ಕನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಆಮೇಲೆ ಸಾಕಜ್ಜಿಯೇ ಅವ್ವನನ್ನು ಪಕ್ಕಕ್ಕೆ ಕರೆದು, "ಇದು ಮದ್ದು ಕಣೇ. ಯಾರೋ ಅನ್ನದಲ್ಲಿ ಇಟ್ಟವ್ರೆ" ಎಂದಳು. ಆಗದವರು ಕದ್ದು ತಿನ್ನಿಸುವ ವಿಷಕ್ಕೂ ನಮ್ಮ ಕಡೆ ಮದ್ದು ಎಂದೇ ಹೆಸರು. ಅವ್ವ ಹೆದರಿ, ಸಿಂಗಟಗೆರೆ ಕಡೆ ಮದ್ದು ತೆಗೆಯುವ ಒಬ್ಬನ ಹತ್ತಿರ ಗಂಗಕ್ಕನನ್ನು ಕರೆದೊಯ್ದಳು. ನಾನೂ ಹೋಗಿದ್ದೆ. ಅವನು ಯಾವುದೋ ಸೊಪ್ಪಿನ ರಸ ಕುಡಿಸಿದ. ಗಂಗಕ್ಕ ಅಂಗಳದಲ್ಲಿ ಕರುಳು ಕಿತ್ತು ಬರುವ ಹಾಗೆ ಕಾರಿಕೊಂಡಳು. ಅವನು ಕಡ್ಡಿಯಿಂದ ವಾಂತಿ ಕೆದಕಿ, ಕೂದಲಿನ ಉಂಡೆಯಂಥದ್ದನ್ನು ಎತ್ತಿ, "ನೋಡವ್ವಾ, ಬಂತು ಮದ್ದು. ಇನ್ನೇನೂ ಭಯ ಇಲ್ಲ" ಎಂದ. ನೊಣ ಮುತ್ತುತ್ತಿದ್ದ ಆ ವಾಂತಿಗೆ ಅವ್ವ ಕೈ ಮುಗಿದಳು.

ಮನೆಗೆ ಬಂದವಳೇ ಗಂಗಕ್ಕ ಮುಖ ತೊಳೆದು ಒಲೆ ಹಚ್ಚಿದಳು. ಗೂಡಿಗೆ ಕೈ ಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟ ಉಂಡೆ ತೆಗೆದಳು. ಸೌಟು ಒಲೆಗೆ ಹಿಡಿದು ಊದತೊಡಗಿದಳು. ಮದ್ದು ಹೋಯಿತಲ್ಲ ಎಂಬ ಸಮಾಧಾನದಲ್ಲಿ ಅವ್ವ ಹೊಸಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

ಗಂಗಕ್ಕನ ಹಲ್ಲು ಬೇಗ ಉದುರಿದವು. ನಡುಕ ಹೋಗಲೇ ಇಲ್ಲ. ನೋಡಲು ಬಂದ ಗಂಡಿನ ಕಡೆಯವರ ಮುಂದೆ ಕಾಫಿ ತುಳುಕಿತು, ಅವರು ಮತ್ತೆ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮೂತ್ರಪಿಂಡ ಕೆಟ್ಟಿತೆಂದು ಶಿವಮೊಗ್ಗಕ್ಕೆ ಕರೆದೊಯ್ದಾಗ, ಚಿಕ್ಕಂದಿನಲ್ಲಿ ಏನು ಕೆಲಸ ಮಾಡುತ್ತಿದ್ದೆ ಎಂದು ಡಾಕ್ಟರು ಕೇಳಿದರು. "ಅಡಿಗೆ" ಎಂದಳು. ಸೀಸೆಯ ವಿಷಯ ನಾನು ಹೇಳಿದೆ. ಆ ಹೊಗೆ ಏನು ಮಾಡುತ್ತದೆಂದು ಆಗ ಗೊತ್ತಾಯಿತು. ಅಷ್ಟರಲ್ಲಿ ಅವ್ವ ತೀರಿಕೊಂಡಿದ್ದಳು.

ಈ ಆಷಾಢದಲ್ಲಿ ಗಂಗಕ್ಕನೂ ಹೋದಳು. ಮಲಗಿಸಿದ್ದಾಗ ಹಿರಿಯರೊಬ್ಬರು, "ಬಾಯಿಗೆ ಒಂದ್ ಚೂರು ಚಿನ್ನ ಇಡ್ಬೇಕು ಕಣಮ್ಮಾ, ಪದ್ಧತಿ" ಎಂದರು. ಯಾರೋ ಮೂಗುಬಟ್ಟಿನ ತಿರುಪು ಬಿಚ್ಚತೊಡಗಿದರು. ನಾನು ಅವಳ ಬಾಯಿಗೆ ಕೈ ಅಡ್ಡ ಇಟ್ಟೆ, ಅವಳೇ ಇಟ್ಟುಕೊಳ್ಳುತ್ತಿದ್ದ ಹಾಗೆ.

"ಬ್ಯಾಡ. ನೀರು ಸಾಕು."

ನೀರೆಂದರೆ ನಮ್ಮ ಹಳ್ಳದ್ದೇ ಬಿಡಬೇಕಿತ್ತು. ಆದರೆ ಹಳ್ಳವೆಲ್ಲ ಈಗ ಬಾಯಿ ತೆರೆದ ಗುಂಡಿಗಳು. ಬೂದು ಬಣ್ಣದ ಲೋಳೆ ಕಟ್ಟಿದೆ, ಎಮ್ಮೆಯೂ ಮೂತಿ ತಿರುಗಿಸುತ್ತದೆ. ಅಂಗಡಿಯಿಂದ ಬಾಟಲಿ ನೀರು ತರಿಸಿ, ಮುಚ್ಚಳ ತಿರುಗಿಸಿ, ಗಂಗಕ್ಕನ ಬಾಯಿಗೆ ಬಿಟ್ಟೆ.