ಹಸಿರು ದೀಪದ ಕಾವಲು

ವೈರ್‌ಲೆಸ್ ಚಾರ್ಜರ್ ಮೇಲೆ ಫೋನು ಎರಡು ಬೆರಳು ಅತ್ತಿತ್ತ ಸರಿದರೂ ಚಾರ್ಜ್ ಆಗುವುದಿಲ್ಲ. ಇದು ನಿಮಗೂ ಗೊತ್ತು. ಲಿಫ್ಟ್ ರಿಪೇರಿಯವನ ನಿದ್ದೆ ಕೆಡಿಸಿದ್ದೇ ಈ ಸಂಗತಿ. ಕಂಪನಿಯ ಯಾವ ಲಿಫ್ಟ್ ರಾತ್ರಿ ಕೆಟ್ಟು ನಿಂತರೂ ಕರೆ ಬರುವುದು ಅವನೊಬ್ಬನಿಗೇ. ಗ್ರೀಸ್ ಮೆತ್ತಿ ಫೋನಿನ ಪಿನ್ ತೂತು ಕೆಟ್ಟಾಗ, ಕಂಪನಿ ಈ ಬಿಲ್ಲೆಯಂಥ ಚಾರ್ಜರ್ ಕೊಟ್ಟು ಕೈತೊಳೆದುಕೊಂಡಿತು. ಈಗ ಅವನು ಫೋನನ್ನು ಎಳೆಗೂಸಿನಂತೆ ಅದರ ಮೇಲೆ ಮಲಗಿಸುತ್ತಾನೆ, ಹಸಿರು ದೀಪ ನೋಡುತ್ತಾನೆ, ಮಗ್ಗುಲು ಬದಲಿಸುತ್ತಾನೆ, ಮತ್ತೆ ಏಳುತ್ತಾನೆ. ಬೆಕ್ಕು ಕೋಣೆಗೆ ಕಾಲಿಡುವಂತಿಲ್ಲ, ಮೇಜು ಅಲುಗುವಂತಿಲ್ಲ. "ರೀ, ಅದೇನು ಮೊಟ್ಟೆ ಇಡುತ್ತಾ, ಹೀಗೆ ಎದ್ದೆದ್ದು ನೋಡೋಕೆ?" ಎಂದು ಹೆಂಡತಿ ಗೊಣಗುತ್ತಾಳೆ. "ಇಟ್ರೆ ಸಾಲ್ದು ಕಣೇ, ಸರಿಯಾಗಿ ಕೂತಿದೆಯಾ ನೋಡ್ಬೇಕು" ಎನ್ನುತ್ತಾನೆ. ಹಗಲು ಕೆಲಸಕ್ಕೆ ಹೋದಾಗ, ಒಂದು ಲಿಫ್ಟಿನ ಬಾಗಿಲ ಒಳಮೈಯನ್ನು ಮಾತ್ರ ಹೆಬ್ಬೆರಳಿನಿಂದ ಸವರುತ್ತಾನೆ. ಅಲ್ಲಿ ಉಗುರಿನ ಗೀರುಗಳಿವೆ. ಫೋನು ಸರಿದು ಸತ್ತುಬಿದ್ದಿದ್ದ ಒಂದು ರಾತ್ರಿ, ಒಬ್ಬ ಅಜ್ಜಿ ಬೆಳಗಾಗುವವರೆಗೂ ಒಳಗೆ ಸಿಕ್ಕಿಕೊಂಡು ಆ ಬಾಗಿಲನ್ನು ಕೆರೆದಿದ್ದರು. ಈಗ ಅವರು ಮಂಡಿನೋವಿನಲ್ಲೂ ಮೆಟ್ಟಿಲನ್ನೇ ಹತ್ತುತ್ತಾರೆ. ತಪ್ಪು ತನ್ನದೆಂದೇ ಅವನು ನಂಬಿದ್ದಾನೆ; ಕಂಪನಿಗೂ ಬೇಕಾಗಿರುವುದು ಅದೇ. ಲಿಫ್ಟಿನಲ್ಲಿ ಓಡಾಡುವವರು ನೀವು. ರಾತ್ರಿಗೆ ಇನ್ನೊಬ್ಬನನ್ನು ನೇಮಿಸಿ ಎಂದು ನಾಳೆ ಬೆಳಿಗ್ಗೆಯೇ ನಿಮ್ಮ ಲಿಫ್ಟ್ ಕಂಪನಿಗೆ ಫೋನು ಮಾಡಿ ಕೇಳಿ.