ಟೊಳ್ಳು ಗಾರೆಯ ಸದ್ದು ಹಿಡಿಯುವ ಮೋರಿನ್

ಬೆಳಗಿನ ಐದೂವರೆ. ಚೆಲ್ಟನ್‌ಹ್ಯಾಮಿನ ಈ ಬೀದಿಗೆ ಕಸದ ಗಾಡಿಯೂ ಬಂದಿಲ್ಲ. ಮೋರಿನ್ ಟ್ರಸ್ಕಟ್ ಆಗಲೇ ಹಳೆಯ ಮನೆಯೊಂದಕ್ಕೆ ಕಟ್ಟಿದ ಸಾರುವೆಯ ತುತ್ತತುದಿಯಲ್ಲಿ ನಿಂತು, ಆಚೆಗೆ ಬಾಗಿ, ಬೆರಳ ಗೆಣ್ಣಿನಿಂದ ಗೋಡೆ ಕುಟ್ಟುತ್ತಿದ್ದಾರೆ. ಮಾಡಿನಂಚಿನ ಗಾರೆಯ ಉಬ್ಬುಪಟ್ಟಿ ನಿನ್ನೆ ಸಂಜೆ ಟೊಳ್ಳು ಸದ್ದು ಕೊಟ್ಟಿತ್ತು; ಅಂದರೆ ಅದು ಗೋಡೆಯ ಹಿಡಿತ ಬಿಟ್ಟಿದೆ. ಐವತ್ತೊಂಬತ್ತರ ಈ ಗಾರೆ ಕೆಲಸದಾಕೆಗೆ ಆಮೇಲೆ ನಿದ್ದೆ ಹತ್ತಿಲ್ಲ. ಅದರ ಕೆಳಗೇ ಕಾಲುದಾರಿ. ಎಂಟೂವರೆಗೆ ಶಾಲೆಯ ಮಕ್ಕಳು ಸಾಲುಗಟ್ಟಿ ಹೋಗುತ್ತಾರೆ.

ಮನೆ 1826ರದು. ನಾಲ್ಕು ಮಹಡಿ, ಕಬ್ಬಿಣದ ಬಳ್ಳಿ ಹೆಣೆದ ಬಾಲ್ಕನಿ, ಮೇಲೇರಿದಂತೆ ಗಿಡ್ಡವಾಗುವ ಕಿಟಕಿಗಳು, ಇಟ್ಟಿಗೆಯನ್ನು ಕಲ್ಲೆಂದೇ ನಂಬಿಸುವ ಸುಣ್ಣದ ಗಾರೆ. ಸಂರಕ್ಷಿತ ಕಟ್ಟಡ. ಆದರೂ ಎಪ್ಪತ್ತರ ದಶಕದಲ್ಲಿ ಯಾರೋ ಸಿಮೆಂಟಿನ ತೇಪೆ ಹಾಕಿಹೋಗಿದ್ದಾರೆ. ಒಳಹೊಕ್ಕ ಮಳೆನೀರು ಹೊರಬರಲು ದಾರಿಯಿಲ್ಲದೆ ಹಳೆಯ ಗಾರೆಯನ್ನು ತಿನ್ನುತ್ತಿದೆ. "ಸುಣ್ಣ ಉಸಿರಾಡತ್ತೆ. ಸಿಮೆಂಟು ಹಾಕಿದ್ರೆ ಮೂಗು ಮುಚ್ಚಿ ಹಿಡಿದ ಹಾಗೆ," ಎನ್ನುತ್ತಾರೆ ಮೋರಿನ್.

ಕೆಲಸ ಕಲಿಸಿದ್ದು ಅಪ್ಪ. ಹದಿನೇಳಕ್ಕೆ ಕರಣೆ ಹಿಡಿದ ಇವರನ್ನು ಉಳಿದ ಗಾರೆಯವರು ಆರು ವರ್ಷ ಚಹಾ ಕಾಯಿಸಲಿಕ್ಕೇ ಇಟ್ಟುಕೊಂಡರಂತೆ. ಈಗ ದಿನಕ್ಕೆ ಹದಿನಾಲ್ಕು ಸಲ ಏಣಿ ಹತ್ತಿಳಿಯುತ್ತಾರೆ, ಮೇಕೆಕೂದಲು ಬೆರೆಸಿದ ಗಾರೆ ಮೂವತ್ತು ಬಕೆಟ್ ಹೊರುತ್ತಾರೆ. ಸುಣ್ಣ ಸುಟ್ಟ ಕಲೆ ಮೊಣಕೈವರೆಗೂ ಇದೆ.

ಏಳಕ್ಕೆ ಮನೆಯ ಮಾಲೀಕ ರುಪರ್ಟ್ ಪೆಲ್ಹಮ್ ಹೊರಬರುತ್ತಾರೆ. ಮನೆ ಮಾರಾಟಕ್ಕಿದೆ.

"ಸುಮ್ನೆ ಬಣ್ಣ ಬಳಿದುಬಿಡಿ, ಮೋರಿನ್. ಶನಿವಾರ ಮನೆ ನೋಡೋಕೆ ಜನ ಬರ್ತಾರೆ. ಇನ್ನೂರು ವರ್ಷ ನಿಂತಿರೋದು ಇನ್ನೊಂದು ವಾರ ನಿಲ್ಲಲ್ವಾ?"

"ನಿಲ್ಲಬಹುದು. ಅಲ್ಲೀತನಕ ಅದರ ಕೆಳಗೆ ನೀವು ನಿಲ್ತೀರಾ?"

ಬೇರೆಯವರನ್ನು ಕರೆಸುತ್ತೇನೆ ಎಂದು ರುಪರ್ಟ್ ಸಿಡುಕುತ್ತಾರೆ. ಮೋರಿನ್ ಕೆಳಗಿಳಿದು ಕಾಲುದಾರಿಗೆ ಅಡ್ಡಲಾಗಿ ಹಗ್ಗ ಕಟ್ಟಿ, ಪುರಸಭೆಗೆ ಫೋನ್ ಮಾಡುತ್ತಾರೆ. ಎಂಟೂವರೆಗೆ ಗೊಣಗುವ ತಾಯಂದಿರನ್ನೂ ಮಕ್ಕಳನ್ನೂ ಎದುರು ಬದಿಗೆ ದಾಟಿಸುತ್ತಾರೆ.

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಮೂರು ಗಜದ ಪಟ್ಟಿ ಕಳಚಿ, ಕಬ್ಬಿಣದ ಬೇಲಿಗೆ ಬಡಿದು, ಖಾಲಿ ಕಾಲುದಾರಿಯ ತುಂಬ ಚೂರಾಗುತ್ತದೆ. ಧೂಳು ಇಳಿಯುವವರೆಗೂ ರುಪರ್ಟ್ ಬಾಗಿಲಲ್ಲೇ ನಿಂತಿರುತ್ತಾರೆ. ಆಮೇಲೆ ಶನಿವಾರ ಬರಬೇಕಿದ್ದವರಿಗೆ ತಾವೇ ಫೋನ್ ಮಾಡಿ ಬೇಡವೆನ್ನುತ್ತಾರೆ.

ಹೊಸ ಪಟ್ಟಿ ಕೂರಿಸಲು ಐದು ವಾರ ಬೇಕು. ಅದರ ಹಿಂದೆ ಎಲ್ಲಾದರೂ ನಿಮ್ಮ ಹೆಸರು ಕೊರೆಯುತ್ತೀರಾ ಎಂದು ಕೇಳಿದರೆ ಮೋರಿನ್ ನಗುತ್ತಾರೆ.

"ಹೆಸರು ಯಾಕೆ? ಹಳೇದು ಯಾವುದು, ನಾನು ಮಾಡಿದ್ದು ಯಾವುದು ಅಂತ ಯಾರಿಗೂ ಗೊತ್ತಾಗಬಾರದು. ಅಷ್ಟಾದ್ರೆ ಸಾಕು."