ಜನರ ಕಡೆಗೆ ತಿರುಗಿಸಿದ ಮೈಕ್

ಕಡಬದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಒಬ್ಬರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ನನಗಿಂತ ಹತ್ತು ವರ್ಷ ದೊಡ್ಡವರು. ನಮ್ಮ ಕಡೆ ಮುಸ್ಲಿಂ ಹಿರಿಯರನ್ನು ಕರೆಯುವ ಹಾಗೆ ನಾನು ಅವರನ್ನು ಕಾಕ ಎಂದು ಕರೆಯುತ್ತಿದ್ದೆ. ಅವರ ಮೈಕ್ ಸರಿ ಇಲ್ಲ ಎಂದು ಆರು ವರ್ಷ ವೇದಿಕೆಯ ಮೇಲೆ ನಿಂತು ಹೇಳಿ ಜನರನ್ನು ನಗಿಸಿದವನು ನಾನು. ಸರಿ ಇಲ್ಲದ್ದು ನನ್ನ ಕಿವಿ. ಈ ಒಂದು ಮಾತನ್ನು ಅವರು ಬದುಕಿರುವಾಗ ಊರಿಗೆ ಹೇಳಬೇಕಿತ್ತು.

ನನ್ನ ಮನೆ ಸುಳ್ಯದ ಕಡೆ. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ವೇದಿಕೆಯಲ್ಲಿ ಕನ್ನಡ. ಸೊಸೈಟಿಯೊಂದರಲ್ಲಿ ಗುಮಾಸ್ತನಾಗಿದ್ದೆ. ರಜೆಯ ದಿನ ಯುವಕ ಮಂಡಲ, ಶಾಲೆ, ಮದುವೆ ಔತಣ ಎಂದು ಕರೆದಲ್ಲಿಗೆ ಹೋಗಿ ಅರ್ಧ ಗಂಟೆ ಒಬ್ಬನೇ ನಿಂತು ಹಾಸ್ಯ ಮಾಡುತ್ತಿದ್ದೆ. ಈಗ ಅದನ್ನು ಸ್ಟ್ಯಾಂಡಪ್ ಎನ್ನುತ್ತಾರೆ. ಆಗ ನಮ್ಮ ಕಡೆ ಅದಕ್ಕೆ ಹೆಸರಿರಲಿಲ್ಲ, ಕರಪತ್ರದಲ್ಲಿ ‘ನಗೆ ಹಬ್ಬ’ ಎಂದು ಹಾಕುತ್ತಿದ್ದರು.

ಸೊಸೈಟಿಯ ಕೌಂಟರಿನಲ್ಲಿ ಹೆಂಗಸರು ಹೇಳಿದ್ದು ಎರಡೆರಡು ಸಲ ಕೇಳಬೇಕಾಗಿ ಬಂದಾಗ ಪುತ್ತೂರಿಗೆ ಹೋಗಿ ಪರೀಕ್ಷೆ ಮಾಡಿಸಿದೆ. ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗ ಗುಂಡಿ ಒತ್ತಬೇಕು ಎಂದರು. ಬಹಳ ಹೊತ್ತು ಕಾದೆ. ಇನ್ನೂ ಶುರುವಾಗಿಲ್ಲ ಎಂದುಕೊಂಡಿದ್ದೆ. ತಲೆ ಎತ್ತಿ ನೋಡಿದರೆ ಗಾಜಿನ ಆಚೆ ಕೂತ ಹುಡುಗಿ ಆಗಲೇ ಅರ್ಧ ಕಾಗದ ಬರೆದು ಮುಗಿಸಿದ್ದಳು.

ನರದ ತೊಂದರೆ, ವಾಪಸ್ ಬರುವುದಿಲ್ಲ, ಕಡಿಮೆಯಾಗುತ್ತಾ ಹೋಗುತ್ತದೆ ಎಂದರು ಡಾಕ್ಟರು. ಮಷಿನ್ ಕೊಟ್ಟರು. ಅದನ್ನು ಹಾಕಿ ವೇದಿಕೆ ಹತ್ತಿದರೆ ದೊಡ್ಡ ಸ್ಪೀಕರುಗಳ ಗದ್ದಲವೆಲ್ಲ ಒಟ್ಟಾಗಿ ತಲೆಯೊಳಗೆ ನುಗ್ಗುತ್ತಿತ್ತು. ತೆಗೆದು ಕಿಸೆಗೆ ಹಾಕಿಕೊಂಡೆ. ಮನೆಯವರನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಕೆಪ್ಪನನ್ನು ಹಾಸ್ಯಕ್ಕೆ ಯಾರು ಕರೆಯುತ್ತಾರೆ ಎಂಬ ಹೆದರಿಕೆ. ಜನರ ಹೆಗಲು, ಹಲ್ಲು, ಪಕ್ಕದವನ ತೊಡೆಗೆ ಹೊಡೆಯುವ ಕೈ ನೋಡಿ ನಗು ಎಷ್ಟು ಬಂತು, ಯಾವಾಗ ನಿಂತಿತು ಎಂದು ಲೆಕ್ಕ ಹಾಕಿ ಮುಂದಿನ ಮಾತು ಆಡುತ್ತಿದ್ದೆ.

ಕಡಬದ ಹತ್ತಿರ ಒಂದು ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ಈ ಉಪಾಯ ಕೈಕೊಟ್ಟಿತು. ಎದುರು ಸಾಲಿನ ಒಬ್ಬ ಎದ್ದು ಏನೋ ಕೇಳಿದ. ಎಲ್ಲರೂ ನನ್ನ ಮುಖ ನೋಡಿದರು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಬದಿಯಲ್ಲಿ ಮೈಕಿನ ಮೇಜಿನ ಹಿಂದೆ ಕಾಕ ಕೂತಿದ್ದರು. ಅವರ ಕಡೆ ತಿರುಗಿ, “ಕಾಕಾ, ಈ ಮೈಕ್ ನಿಮ್ಮ ಅಜ್ಜನ ಮದುವೆಗೆ ತಂದದ್ದಾ? ಕೇಳುದೂ ಇಲ್ಲ, ಹೇಳುದೂ ಇಲ್ಲ” ಎಂದೆ. ಸಭೆ ನಕ್ಕಿತು. ಕಾಕ ನಿಧಾನಕ್ಕೆ ಎದ್ದು ನಾಲ್ಕೂ ದಿಕ್ಕಿಗೆ ಕೈ ಮುಗಿದು ಕೂತರು. ಅದಕ್ಕೆ ಇನ್ನೂ ಹೆಚ್ಚು ನಕ್ಕಿತು.

ಕಾರ್ಯಕ್ರಮ ಮುಗಿದು ಅವರು ವಯರ್ ಸುತ್ತುವಾಗ ನಾನು ಒಂದು ತುದಿ ಹಿಡಿದುಕೊಂಡಿದ್ದೆ.

“ಮೈಕಿಗೆ ಎಂತ ಆಗಿತ್ತು?” ಎಂದರು.

“ಸುಮ್ಮನೆ ತಮಾಷೆಗೆ ಕಾಕಾ.”

“ತಮಾಷೆ ಗೊತ್ತಾಯ್ತು. ಅವ ಕೇಳಿದ್ದು ಎಂತ, ಹೇಳು ನೋಡುವ.”

ನಾನು ವಯರಿನ ಗಂಟು ಬಿಡಿಸತೊಡಗಿದೆ.

“ನಿನ್ನ ಮದುವೆ ಯಾವಾಗ ಅಂತ ಕೇಳಿದ್ದು ಮಾರಾಯ. ಅದಕ್ಕೆ ನೀನು ನನ್ನ ಅಜ್ಜನ ಮದುವೆ ಮಾಡಿಸಿದೆ.” ವಯರ್ ಕೆಳಗಿಟ್ಟು ಎದುರಿಗೆ ಬಂದು ನಿಂತರು. “ಎಷ್ಟು ಸಮಯ ಆಯ್ತು?”

ಹೇಳಿದೆ. ಹೊರಗಿನವರೊಬ್ಬರಿಗೆ ಹೇಳಿದ್ದು ಅದೇ ಮೊದಲು. ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡೆ.

“ನಾನ್ಯಾಕೆ ಹೇಳ್ಲಿ. ಸಿಕ್ಕಿಬಿದ್ದಾಗ ಮೈಕಿಗೆ ಬೈ. ಮೈಕಿಗೆಂತ ಮಾನ ಉಂಟಾ, ಮರ್ಯಾದೆ ಉಂಟಾ?”

ಮುಂದಿನ ಸಲ ಹೋದಾಗ ಅವರು ಒಂದು ಹೊಸ ಏರ್ಪಾಡು ಮಾಡಿದ್ದರು. ವೇದಿಕೆಯ ಅಂಚಿಗೆ ಒಂದು ಮೈಕನ್ನು ಜನರ ಕಡೆಗೆ ತಿರುಗಿಸಿ ಕಟ್ಟಿದ್ದರು. ಅದರ ಶಬ್ದ ನನ್ನ ಕಾಲಬುಡದಲ್ಲಿ ಇಟ್ಟ ಒಂದು ಸ್ಪೀಕರ್ ಪೆಟ್ಟಿಗೆಗೆ ಮಾತ್ರ ಬರುತ್ತಿತ್ತು. ಜನ ನಕ್ಕರೆ ಆ ನಗು ಪೆಟ್ಟಿಗೆಯಿಂದ ಹೊರಟು ನನ್ನ ಪಾದಕ್ಕೆ, ಮೊಣಕಾಲಿಗೆ ತಾಗುತ್ತಿತ್ತು, ಬಲಗಿವಿಗೆ ಸ್ವಲ್ಪ ಕೇಳುತ್ತಲೂ ಇತ್ತು. ಎರಡು ವರ್ಷದಿಂದ ನಾನು ನಗುವನ್ನು ನೋಡುತ್ತಿದ್ದೆ, ಅಷ್ಟೆ. ಆ ದಿನ ಪ್ರತಿ ನಗು ಮುಗಿಯುವ ತನಕ ಕಾದು, ಹತ್ತು ನಿಮಿಷದ ಮಾತಿಗೆ ಇಪ್ಪತ್ತು ನಿಮಿಷ ತೆಗೆದುಕೊಂಡೆ.

ಆದರೆ ಹಾಗೆ ಮೈಕ್ ಮತ್ತು ಪೆಟ್ಟಿಗೆ ಹತ್ತಿರ ಹತ್ತಿರ ಇದ್ದರೆ ಒಂದರ ಶಬ್ದ ಇನ್ನೊಂದಕ್ಕೆ ಹೊಕ್ಕು ಸೆಟ್ ಕೂಗುತ್ತದೆ. ಅದನ್ನು ತಡೆಯಲು ಕಾಕ ನನ್ನ ಕಾರ್ಯಕ್ರಮ ಮುಗಿಯುವ ತನಕ ಬೆರಳನ್ನು ಶಬ್ದ ಏರಿಸಿ ಇಳಿಸುವ ತಿರುಪಿನ ಮೇಲಿಂದ ತೆಗೆಯುತ್ತಿರಲಿಲ್ಲ, ಚಾ ಬಂದರೂ ಮುಟ್ಟುತ್ತಿರಲಿಲ್ಲ. ಆದರೂ ಒಮ್ಮೊಮ್ಮೆ ಕೀ ಎಂದು ಕೂಗುತ್ತಿತ್ತು. ಜನ ಕಿವಿ ಮುಚ್ಚಿಕೊಳ್ಳುವುದು ನೋಡಿದ ಕೂಡಲೇ ನಾನು ಕಾಕನ ಕಡೆ ತಿರುಗುತ್ತಿದ್ದೆ. “ಕೇಳಿ, ಇವರ ಸೆಟ್ಟಿಗೆ ಹೆರಿಗೆ ನೋವು.” ನನಗಾಗಿ ಮಾಡಿದ ಏರ್ಪಾಡಿನಿಂದ ಬಂದ ಕೂಗು ಅದು. ಅದೇ ನನ್ನ ಮಾತಿಗೆ ಸಾಕ್ಷಿಯಾಯಿತು.

ಯಾರೋ ಅದನ್ನು ಮೊಬೈಲಿನಲ್ಲಿ ತೆಗೆದು ಹಾಕಿದರು. ವಾಟ್ಸಾಪಿನಲ್ಲಿ ಹರಿದಾಡಿತು. ಕಾಕನಿಗೆ ‘ಡಬ್ಬ ಮೈಕ್’ ಎಂದು ಹೆಸರು ಬಿತ್ತು. ನನಗೆ ಪುತ್ತೂರಿನಿಂದ, ಆಮೇಲೆ ಮಂಗಳೂರಿನಿಂದ ಕರೆ ಬರತೊಡಗಿತು. “ಮೈಕಿನದ್ದು ಮಾಡ್ಬೇಕು” ಎಂದು ಕರೆಯುವವರೇ ಹೇಳುತ್ತಿದ್ದರು. ಸೊಸೈಟಿಯ ಕೆಲಸ ಬಿಟ್ಟೆ.

ಗುಂಡ್ಯದ ಕಡೆಯ ಒಂದು ಸಮಿತಿಯ ಕಾರ್ಯದರ್ಶಿ ಒಮ್ಮೆ ನನ್ನನ್ನು ಗೊತ್ತು ಮಾಡಲು ಮನೆಗೆ ಬಂದಿದ್ದರು. ಮೈಕ್ ಸೆಟ್ ಕಡಬದ ಕಾಕನದ್ದೇ ಹೇಳಿ ಎಂದೆ.

“ಅದು ಬೇಡ ಮಾರಾಯ್ರೆ. ನೀವೇ ಹೇಳ್ತೀರಲ್ಲ.”

“ಅದು ತಮಾಷೆ.”

“ತಮಾಷೆ ಅಂತ ನಮಗೂ ಗೊತ್ತುಂಟು. ಆದ್ರೂ ಎಂತದ್ದೋ ಒಂದು ಇರ್ಬೇಕಲ್ಲ. ಬೆಂಕಿ ಇಲ್ಲದೆ ಹೊಗೆಯಾ? ಮದರಸದವರೂ ಈ ವರ್ಷ ಬೇರೆಯವರಿಗೆ ಹೇಳಿದ್ದು ಅಂತೆ.”

ನಾನು ಆಗ ಒಂದೇ ವಾಕ್ಯ ಹೇಳಿದ್ದರೆ ಸಾಕಿತ್ತು. ನನಗೆ ಕಿವಿ ಕೇಳುವುದಿಲ್ಲ ಎಂದಷ್ಟೆ. ಆದರೆ ಅವರ ಡೈರಿ ತೆರೆದಿತ್ತು, ನನ್ನ ಹೆಸರು ಬರೆಯಲು ಪೆನ್ನು ಕೈಯಲ್ಲಿತ್ತು. ನಾನು ನಕ್ಕೆ. ಅವರೂ ನಕ್ಕರು. ಬೇರೆ ಸೆಟ್ ಬಂತು.

ಮರುವಾರ ಕಡಬಕ್ಕೆ ಹೋದೆ. ಕಾಕ ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣ ಅಂಗಡಿ ತೆರೆದು ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದರು. ದೊಡ್ಡ ಸ್ಪೀಕರುಗಳನ್ನು ಉಪ್ಪಿನಂಗಡಿಯ ಯಾರಿಗೋ ಮಾರಿಯಾಗಿತ್ತು. ನನಗೆ ಹೇಳಿರಲಿಲ್ಲ.

“ಮೈಕಿನ ತಮಾಷೆ ನಿಲ್ಲಿಸ್ತೇನೆ ಕಾಕಾ” ಎಂದೆ.

“ನಿಲ್ಲಿಸಿದ್ರೆ ಜನ ಎಂತ ಹೇಳ್ತಾರೆ ಗೊತ್ತುಂಟಾ? ಕಡೆಗೂ ರಿಪೇರಿ ಆಯ್ತು ಅಂತ.” ನಕ್ಕರು. ಆಮೇಲೆ ಮಿಕ್ಸಿಯ ಜಾರನ್ನು ಒರೆಸುತ್ತಾ, ನನ್ನ ಕಡೆ ಮುಖ ಮಾಡಿಯೇ, “ಹೇಳುದಾದ್ರೆ ಸರಿಯಾಗಿ ಒಮ್ಮೆ ಹೇಳು. ನಿನಗೆ ಕಷ್ಟ ಆದ್ರೆ ಬೇಡ” ಎಂದರು.

ಪುತ್ತೂರಿನ ದರ್ಬೆಯ ಒಂದು ಸಭಾಭವನದಲ್ಲಿ ನನ್ನದೇ ಒಂದು ಗಂಟೆಯ ಕಾರ್ಯಕ್ರಮ ಗೊತ್ತಾಗಿತ್ತು. ಅಲ್ಲಿ ಹೇಳುತ್ತೇನೆ, ನೀವು ಬರಬೇಕು ಎಂದೆ.

ಬಂದರು. ಬಿಳಿ ಅಂಗಿ ಹಾಕಿ ಮೂರನೇ ಸಾಲಿನಲ್ಲಿ ಕೂತಿದ್ದರು. ಕೊನೆಯ ಹತ್ತು ನಿಮಿಷ ಅದಕ್ಕೆಂದೇ ಇಟ್ಟುಕೊಂಡಿದ್ದೆ, ಬರೆದು ಬಾಯಿಪಾಠ ಮಾಡಿದ್ದೆ. ಅದಕ್ಕೆ ಸ್ವಲ್ಪ ಮೊದಲು ಬಾಲ್ಕನಿಯಿಂದ ಯಾರೋ ಏನೋ ಕೂಗಿರಬೇಕು. ಎಲ್ಲರ ತಲೆ ಹಿಂದಕ್ಕೆ ತಿರುಗಿ ನನ್ನ ಕಡೆ ಬಂತು. ನನ್ನ ನಾಲಗೆ ಅಭ್ಯಾಸ ಬಿಡಲಿಲ್ಲ. ಮೂರನೇ ಸಾಲಿಗೆ ಕೈ ತೋರಿಸಿ, “ಅವರು ಮೈಕ್ ಮನೆಯಲ್ಲಿ ಬಿಟ್ಟು ಬಂದಿದ್ದಾರೆ. ಆದ್ರೂ ಇಲ್ಲಿಯ ಸೌಂಡ್ ಹಾಳಾಯ್ತು” ಎಂದೆ. ಅಷ್ಟು ದೊಡ್ಡ ನಗುವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕಾಕ ಎದ್ದು ನಾಲ್ಕೂ ದಿಕ್ಕಿಗೆ ಕೈ ಮುಗಿದರು.

ಆ ನಗುವಿನ ಮೇಲೆ ಕಾರ್ಯಕ್ರಮ ಮುಗಿಸಿಬಿಟ್ಟೆ. ಬರೆದುಕೊಂಡದ್ದು ಹಾಗೆಯೇ ಉಳಿಯಿತು.

ಗೇಟಿನ ಹತ್ತಿರ ಸಿಕ್ಕಿದರು. “ನಗು ಒಳ್ಳೆ ಬಂತು” ಎಂದರು.

“ಹೇಳ್ಲಿಕ್ಕೆ ಆಗ್ಲಿಲ್ಲ ಕಾಕಾ.”

“ಇನ್ನೊಮ್ಮೆ ಹೇಳಿದ್ರಾಯ್ತು. ಕಡಬದ ಬಸ್ಸಿಗೆ ಹೊತ್ತಾಯ್ತು ನನಗೆ.”

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತಲ್ಲೇ ಎದೆನೋವು ಬಂತಂತೆ. ಪುತ್ತೂರು ಮುಟ್ಟಲಿಲ್ಲ. ನಾನು ಹೋದಾಗ ಅಂಗಳದ ಟಾರ್ಪಾಲಿನ ಕೆಳಗೆ ಜನ ನಿಂತಿದ್ದರು. ಮುಖ ನೋಡಿ ಹೊರಗೆ ಬಂದೆ. ಒಬ್ಬ ಹಿರಿಯರು ನನ್ನನ್ನು ಗುರುತಿಸಿ ಹತ್ತಿರ ಬಂದರು. ಅವರ ತುಟಿ ನೋಡಿ ತಿಳಿದುಕೊಂಡೆ. “ಒಳ್ಳೆ ಜನ. ಒಬ್ಬರಿಗೆ ಕೆಟ್ಟದ್ದು ಹೇಳಿದವರಲ್ಲ. ಮೈಕ್ ಒಂದು ಮಾತ್ರ...” ಎಂದು ಪ್ರೀತಿಯಿಂದ ಸ್ವಲ್ಪ ನಕ್ಕರು. ನಾನು ನಗುತ್ತೇನೆಂದು ಕಾದರು. ನಾನು ತಲೆಯಾಡಿಸಿದೆ. ಅಲ್ಲಿಯೂ ತಲೆಯಾಡಿಸಿದೆ. ಮಸೀದಿಯ ಗೇಟಿನವರೆಗೆ ನಡೆದು ಹಿಂದೆ ಬಂದೆ.

ಆಮೇಲೆ ಸುಳ್ಯದ ಒಂದು ಕಾರ್ಯಕ್ರಮದಲ್ಲಿ ಹೇಳಿದೆ. ಕಿಸೆಯಿಂದ ಮಷಿನ್ ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದೆ. ಅವರ ಸೆಟ್ಟಿನಲ್ಲಿ ಯಾವ ದೋಷವೂ ಇರಲಿಲ್ಲ, ದೋಷ ನನ್ನದು ಎಂದೆ. ಹೆಗಲುಗಳು ಕುಣಿಯತೊಡಗಿದವು. ತಮಾಷೆ ಅಲ್ಲ ಎಂದೆ. ಇನ್ನೂ ಕುಣಿದವು. ಕೆಳಗೆ ಇಳಿದಾಗ ಒಬ್ಬರು ಕೈ ಕುಲುಕಿ, “ಹೊಸ ಐಟಂ ಒಳ್ಳೆದುಂಟು. ಆ ಮಷಿನ್ ಎಲ್ಲಿಂದ ತಂದ್ರಿ?” ಎಂದರು.

ಈಗ ಕರೆಯುವವರಿಗೆ ಫೋನಿನಲ್ಲಿಯೇ ಹೇಳಿಸುತ್ತೇನೆ. ಮಾತಾಡುವುದು ಈ ನಡುವೆ ಮದುವೆಯಾಗಿ ಬಂದ ಹೆಂಡತಿ, ಪಕ್ಕದಲ್ಲಿ ನಾನಿರುತ್ತೇನೆ. ಅವರಿಗೆ ಕಿವಿ ಕೇಳುವುದಿಲ್ಲ, ಪ್ರಶ್ನೆ ಇದ್ದರೆ ಚೀಟಿಯಲ್ಲಿ ಬರೆದು ಕೊಡಬೇಕು ಎಂದು. ಈ ತನಕ ಇಬ್ಬರು ಮಾತ್ರ ಬೇಡ ಎಂದರು. ಉಳಿದವರು, ಹೌದಾ, ಗೊತ್ತೇ ಇರಲಿಲ್ಲ, ಅಡ್ಡಿಯಿಲ್ಲ ಬನ್ನಿ ಎಂದರು. ನಾನು ಇಷ್ಟು ವರ್ಷ ಹೆದರಿದ್ದು ಆ ಇಬ್ಬರಿಗೆ.

ಕಾಕನ ಹೆಂಡತಿಯಲ್ಲಿಗೆ ಹೋಗಲು ಬಹಳ ದಿನ ಧೈರ್ಯ ಬರಲಿಲ್ಲ. ಹೋದೆ. ಅವರಿಗೆ ಎಲ್ಲ ಗೊತ್ತಿರುತ್ತದೆ, ಕ್ಷಮೆ ಕೇಳಿದರೆ ಸಾಕು ಎಂದುಕೊಂಡಿದ್ದೆ. ಜಗಲಿಯಲ್ಲಿ ಕೂತು ಮೊದಲಿನಿಂದ ಹೇಳಿದೆ. ಅವರು ನಡುವೆ ಕೈ ಅಡ್ಡ ಹಿಡಿದರು.

“ನಿಮಗೆ ಕೇಳುದಿಲ್ಲವಾ? ನನಗೆ ಹೇಳಿರ್ಲಿಲ್ಲ ಅವರು.”

ಯಾರಿಗೂ ಹೇಳಬೇಡಿ ಎಂದಿದ್ದೆ. ಕಾಕ ಮನೆಯಲ್ಲಿಯೂ ಹೇಳಿರಲಿಲ್ಲ.

“ಹಾಗಾದ್ರೆ ಮೈಕ್ ಸರಿ ಇತ್ತಾ?” ಎಂದರು.

“ಸರಿ ಇತ್ತು.”

“ಹೊಸತು ತೆಕ್ಕೊಳ್ಳಿ, ಊರಿಡೀ ನಗ್ತಾರೆ ಅಂತ ನಾನೇ ಎಷ್ಟು ಬೈದಿದ್ದೇನೆ. ನೋಡುವ ನೋಡುವ ಅಂತ ಹೇಳ್ತಿದ್ದರು.” ಸೆರಗಿನಿಂದ ಮುಖ ಒರೆಸಿಕೊಂಡರು.

ಸುಳ್ಯದಲ್ಲಿ ಹೇಳಿದ್ದು, ಜನ ನಕ್ಕದ್ದು ತಿಳಿಸಿದೆ. ಎಲ್ಲಿ ಬೇಕಾದರೂ, ಎಷ್ಟು ಸಲ ಬೇಕಾದರೂ ಹೇಳುತ್ತೇನೆ ಎಂದೆ.

“ನೀವು ಬಾಯಲ್ಲಿ ಹೇಳಿದ್ರೆ ಜನ ನಗುದೇ” ಎಂದರು. “ಬರೆದು ಹಾಕಿ ಎಲ್ಲಿಯಾದರೂ. ಅವರ ಅಣ್ಣಂದಿರೂ ಡಬ್ಬ ಮೈಕ್ ಅಂತಲೇ ನಗ್ತಿದ್ದರು, ಅವರಿಗೆ ನಾನು ತೋರಿಸ್ಬೇಕು. ನಗು ಬರುವ ಹಾಗೆ ಬರೀಬೇಡಿ.”